ಅವ್ವನ ಕೋಣೆಯಲ್ಲಿ ಕೆಂಡ ಇಡಬೇಡಿ

ರೀ,

ನೈಟ್ ಡ್ಯೂಟಿಯಿಂದ ಬಂದವರು ಮಲಗುವ ಮೊದಲು ಇದನ್ನು ಓದಿ. ನಾನು ಗಾರ್ಮೆಂಟ್ಸ್‌ಗೆ ಹೊರಟೆ.

ನಿನ್ನೆ ಹೋಗುವಾಗ ನಿಮ್ಮ ಅವ್ವನಿಗೆ ಚಳಿ ಅಂತ ಬಾಂಡಲಿಯಲ್ಲಿ ಇದ್ದಿಲ ಕೆಂಡ ಇಟ್ಟು ಕಿಟಕಿ ಮುಚ್ಚಿ ಹೋದಿರಿ. ಬೆಳಿಗ್ಗೆ ಎಷ್ಟು ಕರೆದರೂ ಅತ್ತೆ ಏಳಲಿಲ್ಲ. ಎಳೆದು ತಂದು ಓಣಿಯಲ್ಲಿ ಮಲಗಿಸಿದೆ. ವಾಂತಿ ಮಾಡಿಕೊಂಡು ಕಣ್ಣು ಬಿಟ್ಟರು. ಡಾಕ್ಟರು ಬಂದು ನೋಡಿದರು, ಕೆಂಡದ ವಿಷಗಾಳಿ ಏರಿತ್ತಂತೆ, ಈಗ ಜೀವಕ್ಕೆ ಭಯವಿಲ್ಲವಂತೆ. ನೀವು ಬರುವತನಕ ಪಕ್ಕದ ಮನೆ ಹುಸೇನಮ್ಮ ಜೊತೆಗಿರುತ್ತಾಳೆ.

ಕಗ್ಗದಾಸಪುರದ ಚಳಿಗೆ ಕೆಂಡ ಬೇಡ. ಬಿಸಿನೀರಿನ ರಬ್ಬರ್ ಚೀಲವನ್ನು ಟವೆಲಿನಲ್ಲಿ ಸುತ್ತಿ ಕಾಲ ಹತ್ತಿರ ಇಡಿ. ಚಾಪೆ ಕೆಳಗೆ ರಟ್ಟು ಹಾಸಿ. ಮನೆಯ ತಗಡು ಶೀಟಿನ ಸಂದಿಗೆ ಗೋಣಿ ತುರುಕಿ, ಆದರೆ ಕಿಟಕಿ ಸ್ವಲ್ಪ ತೆರೆದೇ ಇರಲಿ. ಅತ್ತೆಗೆ ನನ್ನ ಸ್ವೆಟರ್ ಹಾಕಿದ್ದೇನೆ, ತೆಗೆಯಬೇಡಿ.

ಎಚ್ಚರವಾದಾಗ ಅತ್ತೆ ಕೇಳಿದರು: "ಯಾಕ ಎಳದಿಯವ್ವ? ಬಿಟ್ಟಿದ್ರ ಆರಾಮ ಹೋಗ್ತಿದ್ದೆ."

"ಬಾಣಂತನದಾಗ ಹೊದಿಯಾಕ ಒಂದು ಕೌದಿ ಕೇಳಿದ್ದೆ, ನೀವು ಕೊಡಲಿಲ್ಲ. ನನ್ನ ಕೂಸು ಥಂಡಿಗಿ ಹೋತು. ನೀವು ಅಷ್ಟು ಆರಾಮ ಹೋಗಂಗಿಲ್ಲ. ಬೆಚ್ಚಗ ಇರ್ರಿ, ದಿನಾ ನನ್ನ ಮಾರಿ ನೋಡ್ಕೋತ ಇರ್ರಿ" ಅಂದೆ.

ಆಗಿನಿಂದ ಅಳುತ್ತಿದ್ದಾರೆ. ನೀವು ಸಮಾಧಾನ ಮಾಡಲು ಹೋಗಬೇಡಿ. ಕೂಸನ್ನು ಮಣ್ಣು ಮಾಡಿ ಬಂದ ದಿನ ನಾನು ಅತ್ತಾಗ ನೀವು ಗೋಡೆ ಕಡೆ ಹೊರಳಿ ಮಲಗಿದ್ದಿರಿ. ಇವತ್ತೂ ಹಾಗೇ ಮಲಗಿ. ಚೀಲದ ನೀರು ಮಾತ್ರ ಆರಗೊಡಬೇಡಿ.

ಮಾನಮ್ಮ