ಮನೆಗೆ ಮರಳಿದ ಆರಿ

ಹುಬ್ಬಳ್ಳಿ
ರವಿವಾರ, ೧೯ ಫೆಬ್ರುವರಿ ೧೯೬೧

ಚಿರಂಜೀವಿ ಶೇವಂತಿ,

ಇಲ್ಲಿ ಎಲ್ಲರೂ ಆರಾಮ ಇದ್ದೇವೆ, ನನ್ನ ಎಡಗೈ ಹೆಬ್ಬೆರಳೊಂದನ್ನು ಬಿಟ್ಟು. ಅದರ ಕಥೆ ಮುಂದೆ ಬರುತ್ತದೆ. ನಿನ್ನ ಪತ್ರ ಬಂದು ಮೂರು ವಾರ ಆತು, ಅಪ್ಪ ಉತ್ತರ ಬರೆಯಲಿಲ್ಲ ಅಂತ ಮುನಿಸಿಕೊಂಡಿರುತ್ತೀ. ನೀನು ಸಂಧಿ ಸಮಾಸ ಕೇಳಿದ್ದರೆ ಮರುದಿನದ ಟಪಾಲಿಗೇ ಉತ್ತರ ಹೋಗುತ್ತಿತ್ತು. ನೀನು ಕೇಳಿದ್ದು ತೊಗಲಿನ ಚೀಲ ಹೊಲಿಯುವುದು ಹೇಗೆ ಅಂತ. ಇಪ್ಪತ್ತು ವರ್ಷ ಕನ್ನಡ ಕಲಿಸಿದ ಮಾಸ್ತರ ಆ ವಿಷಯದಲ್ಲಿ ಒಂದನೇ ಇಯತ್ತೆಗೂ ಸಲ್ಲದವನು. ಮೊದಲು ನಾನು ಕಲಿತು, ಆಮೇಲೆ ನಿನಗೆ ಹೇಳಬೇಕಾಗಿತ್ತು. ತಡ ಆದದ್ದಕ್ಕೆ ಕಾರಣ ಅದು.

ಟ್ರೇನಿಂಗ್ ಕಾಲೇಜಿನ ಕೈಕಸುಬಿಗೆ ಉಳಿದ ಹುಡುಗಿಯರೆಲ್ಲ ನೂಲುವುದು, ರಟ್ಟಿನ ಕೆಲಸ ಅಂತ ಆರಿಸಿಕೊಂಡರೆ ನೀನೊಬ್ಬಳೇ ತೊಗಲಿನ ಕೆಲಸಕ್ಕೆ ಹೆಸರು ಕೊಟ್ಟೆಯಂತೆ. ನಿಮ್ಮವ್ವ ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡು, "ಅಜ್ಜನ ಮೊಮ್ಮಗಳು ಬಿಡು" ಎಂದಳು. ಅಜ್ಜನಿಗೆ ಕೇಳದಂತೆ, ಮೆಲ್ಲಗೆ.

ಯಾಕೆ ಮೆಲ್ಲಗೆ ಅಂತ ನಿನಗೆ ಗೊತ್ತೇ ಇದೆ. ತೊಗಲಿಗೆ ತೂತು ಕೊರೆಯುವ ಚೂಪು ಸಾಮಾನಿಗೆ ನಿಮ್ಮ ಪುಸ್ತಕದಲ್ಲಿ ಏನು ಹೆಸರೋ, ನಮ್ಮಲ್ಲಿ ಅದು ಆರಿ. ನಾನು ೧೯೩೫ರಲ್ಲಿ ಧಾರವಾಡದ ಕಾಲೇಜು ಸೇರಿದ ವಾರವೇ ಅಜ್ಜ ತಾವು ಚಪ್ಪಲಿ ಹೊಲಿಯುತ್ತಿದ್ದ ಆರಿ, ತೊಗಲು ಕೊಯ್ಯುವ ರಂಪಿಗೆ, ಬಡಿಯುವ ಕಲ್ಲು ಎಲ್ಲ ಗಂಟು ಕಟ್ಟಿ ಯಾರಿಗೋ ಕೊಟ್ಟು, ಹತ್ತಿ ಗಿರಣಿಗೆ ಕೂಲಿ ಹೋದರು. ಮಗ ಕಾಲೇಜು ಕಲಿಯುತ್ತಾನೆಂಬ ಹೆಮ್ಮೆಯಿಂದ ಹಾಗೆ ಮಾಡಿದರೆಂದು ನಾನೇ ನಿನಗೆ ನೂರು ಸಲ ಹೇಳಿದ್ದೇನೆ. ಅಂದಿನಿಂದ ಈ ಮನೆಯ ಹೊಸ್ತಿಲೊಳಗೆ ಆರಿ ಬಂದಿಲ್ಲ. ಒಮ್ಮೆ ನಾನು ಸೊಂಟದ ಪಟ್ಟಾಕ್ಕೆ ಮೊಳೆಯಿಂದ ಒಂದು ತೂತು ಬಡಿದೆ. ಆ ಸಪ್ಪಳಕ್ಕೆ ಎದ್ದು ಹೋದವರು ಮಧ್ಯಾಹ್ನದ ಊಟಕ್ಕೂ ಬರಲಿಲ್ಲ. ಈಗ ಅವರಿಗೆ ಎಪ್ಪತ್ತನಾಲ್ಕು. ಕಣ್ಣು ಮಂಜಾಗಿವೆ, ಕಿವಿ ಮಾತ್ರ ನೆಟ್ಟಗಿವೆ. ಅವರ ಮನಸ್ಸು ನೋಯಬಾರದು, ನಿನ್ನ ಪರೀಕ್ಷೆಯೂ ಕೆಡಬಾರದು. ಹಾಗಾಗಿ ನಾಲ್ವತ್ತೈದರ ಹೊತ್ತಿನಲ್ಲಿ ನಾನು ನನ್ನ ಮನೆಯಲ್ಲೇ ಕಳ್ಳನಾದೆ.

ಮೊದಲು ಟಾಂಗಾ ಕುದುರೆಗಳ ಸಾಮಾನು ಹೊಲಿಯುವ ಗುಲಾಬಸಾಬನ ಅಂಗಡಿಗೆ ಹೋದೆ. ಆರಿ ಬೇಕು, ಒಂದಿಷ್ಟು ತುಂಡು ತೊಗಲು ಬೇಕು ಅಂದೆ. ಅವನು ತಲೆ ಎತ್ತದೆ, "ಕುದುರಿಗೋ ಮನಶ್ಯಾಗೋ, ಮಾಸ್ತರ?" ಎಂದು ಕೇಳಿದ. ಮಗಳಿಗೆ ಎಂದೆ. ಆಗ ತಲೆ ಎತ್ತಿದ. ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಒಂದು ಆರಿ ತಂದ. ಎಣ್ಣೆ ಹಚ್ಚಿ ಇಟ್ಟಿದ್ದ, ತುಕ್ಕಿನ ಒಂದು ಚುಕ್ಕೆ ಇರಲಿಲ್ಲ. "ಇದು ನಿಮ್ಮ ಮನೀದ, ನಿಮ್ಮಪ್ಪಂದು. ಉಳಿದ ಸಾಮಾನ ನಮ್ಮಪ್ಪ ಬಳಸಿ ಸವೆಸಿದ. ಇದನ್ನ ಮಾತ್ರ ಯಾರೂ ಮುಟ್ಟಬ್ಯಾಡ್ರಿ, ಗಂಗಪ್ಪ ಇವತ್ತಲ್ಲ ನಾಳೆ ಕೇಳಿಕೊಂಡು ಬರತಾನ ಅಂದಿದ್ದ" ಎಂದ. ಅವರಪ್ಪ ತೀರಿಕೊಂಡು ಹತ್ತು ವರ್ಷ ಆತು. ನಾನು ಆ ಆರಿಯನ್ನು ಕೊಡೆಯೊಳಗೆ ಮುಚ್ಚಿಕೊಂಡು ಮನೆಗೆ ಬಂದೆ.

ಇನ್ನು ಪಾಠ. ಗುಲಾಬಸಾಬ ಹೇಳಿದ್ದು ಅರ್ಧ, ನಾನು ಕೆಡಿಸಿ ಕಲಿತದ್ದು ಅರ್ಧ.

ತೊಗಲನ್ನು ನೀರಿನಲ್ಲಿ ಮುಳುಗಿಸಬೇಡ. ಒದ್ದೆ ಬಟ್ಟೆಯಿಂದ ಒರೆಸಿ, ಉಗುರಿನಿಂದ ಒಂದು ಗೆರೆ ಎಳೆದು ನೋಡು. ಗೆರೆ ಉಳಿದರೆ ಹದ ಬಂತು, ಮಾಯವಾದರೆ ಇನ್ನೊಂದು ಸಲ ಒರೆಸು. ಇದನ್ನು ನೆನಪಿಡಲು ಎರಡು ಸಾಲು ಕಟ್ಟಿದ್ದೇನೆ:

ಒಣಾ ತೊಗಲು ಹಟಮಾರಿ, ತೊಯ್ದ ತೊಗಲು ಸೋಮಾರಿ,
ನಡುವಿನ ಹದ ಹಿಡಿದು ನಡೆ, ಅದೇ ನಿನ್ನ ದಾರಿ.

ನಿಮ್ಮವ್ವ ಇದನ್ನು ಕೇಳಿ, ಆಕಿ ಪರೀಕ್ಷಾ ಕೊಡಬೇಕಾಗೇತಿ, ಭಜನಿ ಮಾಡಬೇಕಾಗಿಲ್ಲ ಅಂದಳು.

ಹೊಲಿಗೆಯ ಗೆರೆಯನ್ನು ಶಾಯಿಯಿಂದ ಎಂದೂ ಎಳೆಯಬೇಡ. ನಾನು ಅಭ್ಯಾಸಬಲದಿಂದ ನೋಟುಬುಕ್ಕು ತಿದ್ದುವ ಕೆಂಪು ಶಾಯಿ ಬಳಸಿದೆ. ತಿಕ್ಕಿದೆ, ತೊಳೆದೆ, ನಿಂಬೆಹಣ್ಣು ಹಚ್ಚಿದೆ. ತೊಗಲಿಗೆ ಇಳಿದ ಶಾಯಿ ಅಳಿಸುವುದಿಲ್ಲ. ನನ್ನ ಮೊದಲ ಚೀಲ ನಪಾಸಾದ ಉತ್ತರಪತ್ರಿಕೆಯ ಹಾಗೆ ಕಾಣುತ್ತಿತ್ತು. ಮೊಂಡು ಕಡ್ಡಿಯಿಂದ ಒತ್ತಿ ಗೆರೆ ಎಳೆದರೆ ಸಾಕು. ಆ ಗೆರೆಯ ಮೇಲೆ ಬಾಚಣಿಗೆಯ ಹಲ್ಲು ಒತ್ತಿದರೆ ಸಮ ಅಂತರದ ಗುರುತು ಬೀಳುತ್ತವೆ, ಒಂದು ಬಿಟ್ಟು ಒಂದಕ್ಕೆ ತೂತು ಹಾಕು. ನಿಮ್ಮವ್ವನ ಬಾಚಣಿಗೆಗೆ ಈಗ ಐದು ಹಲ್ಲು ಕಡಿಮೆ. ನೀನು ಹಳೆಯದನ್ನು ತೊಗೋ.

ದಾರಕ್ಕೆ ಜೇನುಮೇಣ ತಿಕ್ಕು. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ದಾಟಿಸು. ಕುದುರೆಯ ಲಗಾಮಿಗೆ ಇದೇ ಹೊಲಿಗೆಯಂತೆ, ಕುದುರೆ ಎಳೆದರೂ ಬಿಡುವುದಿಲ್ಲ.

ಎರಡು ಸೂಜಿ, ಒಂದೇ ತೂತು,
ಒಂದು ಕೈಬಿಟ್ಟರೂ ಇನ್ನೊಂದು ಹಿಡಿದೀತು.

ಎಣ್ಣೆ ಎಲ್ಲಕ್ಕಿಂತ ಕೊನೆಗೆ, ಅದೂ ಒಂದೆರಡು ಹನಿ. ನಾನು ಮೊದಲೇ ಕುಸುಬಿ ಎಣ್ಣೆ ಸುರಿದೆ. ಅಂಚಿಗೆ ಹಚ್ಚಿದ ಅಂಟು ಹಿಡಿಯಲಿಲ್ಲ, ಸೂಜಿ ಜಾರಿ ಹೆಬ್ಬೆರಳು ಸೇರಿತು. ಒಣಗಲಿ ಅಂತ ಹಿತ್ತಲದಲ್ಲಿ ಇಟ್ಟ ಚೀಲವನ್ನು ಓಣಿಯ ನಾಯಿ ಹೊತ್ತೊಯ್ದಿತು. ನನ್ನ ಕೆಲಸವನ್ನು ಮೆಚ್ಚಿದ ಜೀವ ಇಲ್ಲಿಯವರೆಗೆ ಅದೊಂದೇ.

ಇದೆಲ್ಲ ನಡೆದದ್ದು ಹಿಂದಿನ ಕೋಣೆಯಲ್ಲಿ, ಕದ ಮುಂದೆ ಮಾಡಿಕೊಂಡು. ಯಾರಾದರೂ ಬಂದರೆ ಮುಚ್ಚಲು ಒಂಬತ್ತನೇ ಇಯತ್ತೆಯ ನೋಟುಬುಕ್ಕಿನ ಅಟ್ಟಿ. ಏನು ಮಾಡುತ್ತೀ ಅಂತ ಅಜ್ಜ ಕಟ್ಟೆಯ ಮೇಲಿಂದ ಕೇಳಿದಾಗಲೆಲ್ಲ, ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದೇನೆ ಅನ್ನುತ್ತಿದ್ದೆ. ಹೌದೇನು ಅನ್ನುತ್ತಿದ್ದರು. ಹತ್ತು ದಿನ ಹೀಗೇ ಸಾಗಿತು.

ಹೋದ ರವಿವಾರ ಬೆಳಿಗ್ಗೆ ಕದ ಸರಿಯಿತು. ಅಜ್ಜ ಬಾಗಿಲಲ್ಲಿ ನಿಂತಿದ್ದರು.

"ಪುಸ್ತಕಾ ಹೊಲಿಯೂ ಸಪ್ಪಳ ಹಿಂಗಿರೂದಿಲ್ಲೋ, ಮೈಲಾರಿ" ಎಂದರು.

ನಾನು ನೋಟುಬುಕ್ಕಿಗೆ ಕೈ ಹಾಕಿದೆ. ಅವರು ಬಂದು ಎದುರಿಗೆ ಕೂತು ಅಂಗೈ ಚಾಚಿದರು. ಪೆಟ್ಟು ತಿನ್ನುವ ಹುಡುಗನ ಹಾಗೆ ಆರಿಯನ್ನು ಆ ಕೈಯಲ್ಲಿಟ್ಟೆ. ಹಿಡಿಕೆಯ ಮೇಲೆ ಹೆಬ್ಬೆರಳು ಆಡಿಸಿದರು. ಅಲ್ಲೊಂದು ಸವೆದ ತಗ್ಗು ಇದೆ. ನನ್ನ ಹೆಬ್ಬೆರಳು ಅದರಲ್ಲಿ ಎಂದೂ ಸರಿಯಾಗಿ ಕೂತಿರಲಿಲ್ಲ, ಅವರದು ಹೋಗಿ ಕೂತುಬಿಟ್ಟಿತು. ನಿಮ್ಮವ್ವ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲ ಹಿಂದೆ ನಿಂತಿದ್ದಳು. ಪಟ್ಟಾಕ್ಕೆ ತೂತು ಬಡಿದ ದಿನದ ಹಾಗೆ ಎದ್ದು ಹೋಗುತ್ತಾರೆಂದೇ ನಾವಿಬ್ಬರೂ ಕಾದೆವು.

ಅಜ್ಜ ಏಳಲಿಲ್ಲ. ನನ್ನ ಚೀಲ ಎತ್ತಿಕೊಂಡು ಹೊಲಿಗೆಯ ಮೇಲೆ ಬೆರಳು ಎಳೆದರು. "ಇದನ್ನ ಯಾವ ಸಾಲ್ಯಾಗ ಕಲತಿ? ಸಾಲ ತಪ್ಪೇತಲ್ಲೋ ಮಾಸ್ತರ" ಎಂದರು. ಶೇವಂತಿಯ ಪರೀಕ್ಷೆಗೆ ಅಂತ ನಾನು ಎಲ್ಲ ಒಪ್ಪಿಕೊಂಡೆ. ಆಕೆ ತಾನೇ ಕೇಳಿ ಈ ಕೆಲಸ ತೊಗೊಂಡಳೋ, ಯಾರಾದರೂ ಆಕೆಗೆ ಇದೇ ಮಾಡು ಅಂದರೋ ಎಂದು ಕೇಳಿದರು. ತಾನೇ ಕೇಳಿ ತೊಗೊಂಡಳು ಎಂದೆ. ಚೀಲವನ್ನು ಕೆಳಗಿಟ್ಟು, ಸಾವಕ್ಕಗ ಮಣಿ ತರಾಕ ಹೇಳು ಅಂದರು.

ನಿಮ್ಮವ್ವ ಕೂರುವ ಮರದ ಮಣೆ ತಂದಳು. ತೊಗಲನ್ನು ಅದರ ಮೇಲೆ ಹರಡಿ, ಕಣ್ಣು ಮುಚ್ಚಿಕೊಂಡೇ ತೋರಿಸಿದರು: "ಆರಿ ನೂಕಬ್ಯಾಡ, ತಿರುವು. ಜಗಳ ತಗೀಲಿಲ್ಲ ಅಂದ್ರ ತೊಗಲ ತಾನ ದಾರಿ ಬಿಡತೈತಿ." ಹತ್ತು ದಿನದಲ್ಲಿ ಕಟ್ಟಿದ ನನ್ನ ಪದ್ಯಗಳೆಲ್ಲ ಆ ಒಂದು ಮಾತಿನ ಮುಂದೆ ಸಪ್ಪೆ ಆದವು.

ಈ ವಾರವೆಲ್ಲ ಮುಂಜಾನೆ ನನಗೆ ಪಾಠ. ಈಗ ಕೂರುವುದು ಹಿಂದಿನ ಕೋಣೆಯಲ್ಲಲ್ಲ, ಹೊರಗಿನ ಕಟ್ಟೆಯ ಮೇಲೆ, ಹೋಗಿಬರುವವರು ನೋಡುವಂತೆ. ಬೈಗುಳ ಹೇರಳ, ಮೆಚ್ಚುಗೆ ವಿರಳ.

ಈ ಪತ್ರದ ಜೋಡಿ ಕಳಿಸುವ ಪಾರ್ಸಲ್ಲಿನಲ್ಲಿ ಒಂದು ಚೀಲ ಇದೆ. ಒಂದು ಮಗ್ಗಲು ಅಜ್ಜ ಹೊಲಿದದ್ದು, ಇನ್ನೊಂದು ನಾನು. ಯಾವುದು ಯಾರದೆಂದು ಕುರುಡರಿಗೂ ತಿಳಿಯುತ್ತದೆ. ನನ್ನ ಮಗ್ಗಲು ಬಿಚ್ಚಿ, ಅವರದನ್ನು ನೋಡಿಕೊಂಡು ಮತ್ತೆ ಹೊಲಿ, ಅದು ಅಭ್ಯಾಸಕ್ಕೆ. ಪರೀಕ್ಷೆಗೆ ನಿನ್ನದೇ ಹೊಸದು ಆಗಬೇಕು. ಆರಿಯನ್ನೂ ಇಟ್ಟಿದ್ದೇನೆ. ನನಗೆ ಬಿಟ್ಟುಕೊಡುವ ಮನಸ್ಸಿರಲಿಲ್ಲ, ಅಜ್ಜ ಅದು ಆಕೀದು ಎಂದರು. ನಿಮ್ಮವ್ವ ಶೇಂಗಾ ಉಂಡೆ ಕಟ್ಟಿದ್ದಾಳೆ. ಆರಿ ಕೆಳಗೆ, ಉಂಡೆ ಮೇಲೆ, ನೋಡಿ ಬಿಚ್ಚು.

ನಿನ್ನ ಹೊಲಿಗೆ ನೇರ ಬರಲಿ, ಹೆಬ್ಬೆರಳು ಕ್ಷೇಮವಾಗಿರಲಿ, ಬೇಸಿಗೆಯ ಸೂಟಿಗೆ ಲಗೂ ಮನೆಗೆ ಬಾ.

ನಿನ್ನ ಅಪ್ಪ,
ಮೈಲಾರಪ್ಪ

ತಾ.ಕ.: ಅಜ್ಜ ಹೆಮ್ಮೆಯಿಂದ ಆರಿ ಬಿಟ್ಟರೆಂದು ನಿನಗೆ ಹೇಳುತ್ತ ಬಂದದ್ದು ಖರೇ ಅಲ್ಲ. ಕಾಲೇಜಿಗೆ ಹೆಸರು ಹಚ್ಚುವ ದಿನ ಅವರು ನನ್ನ ಟ್ರಂಕು ಹೊತ್ತು ಹುಬ್ಬಳ್ಳಿಯಿಂದ ನಡೆದು ಬಂದಿದ್ದರು. ಅರ್ಜಿಯಲ್ಲಿ ತಂದೆಯ ಕಸುಬು ಎಂಬಲ್ಲಿ ನಾನು ಒಕ್ಕಲುತನ ಎಂದು ಬರೆದೆ. ಕಾರಕೂನರು ಅದನ್ನು ಗಟ್ಟಿಯಾಗಿ ಓದಿ, ಹೊಲ ಎಷ್ಟು ಎಂದರು. ನಾಲ್ಕು ಕೂರಿಗೆ ಎಂದೆ. ನಮಗೆ ಇದ್ದದ್ದು ಹಿತ್ತಲದ ಒಂದು ನುಗ್ಗೆ ಗಿಡ. ಅವರು ಅಜ್ಜನ ಕಡೆ ತಿರುಗಿದರು. ಅಜ್ಜ ಎರಡೂ ಕೈಗಳನ್ನು ಧೋತರದ ಅಂಚಿನಲ್ಲಿ ಮುಚ್ಚಿಕೊಂಡು, "ಹೌದ್ರಿ, ನಾಕ ಕೂರಿಗಿ" ಎಂದರು. ಮಗನ ಮಾತು ಸುಳ್ಳಾಗಬಾರದೆಂದು ಆ ವಾರವೇ ಗಂಟು ಕಟ್ಟಿದರು. ಇಪ್ಪತ್ತಾರು ವರ್ಷ ನಾವಿಬ್ಬರೂ ಆ ಮಾತು ತೆಗೆದಿಲ್ಲ. ಇವತ್ತು ಪಾರ್ಸಲ್ಲಿನ ದಾರ ಹಿಡಿದುಕೊಂಡು ಕೂತವರು, "ಶೇವಂತಿ ಪರೀಕ್ಷಾದ ಫಾರ್ಮಿನ್ಯಾಗ ಅಜ್ಜನ ಕಸಬು ಕೇಳತಾರೇನೋ?" ಎಂದರು. ಇಲ್ಲ, ಕೇಳುವುದಿಲ್ಲ ಎಂದೆ. "ಕೇಳಿದ್ರ ಛಲೋ ಇತ್ತು" ಎಂದರು. ಪರೀಕ್ಷೆಯ ಚೀಲಕ್ಕೆ ಒಂದು ಚೀಟಿ ಹಚ್ಚುತ್ತಾರೆ, ಅದರಲ್ಲಿ 'ಕಲಿಸಿದವರು' ಎಂಬ ಸಾಲು ಇದೆ ಎಂದು ನೀನೇ ಬರೆದಿದ್ದೀ. ಅಲ್ಲಿ ಗಂಗಪ್ಪ ಎಂದು ಬರಿ, ಮುಂದೆ ಕಸುಬನ್ನೂ ಬರಿ. ಚೀಟಿ ಬೇಡ, ತೊಗಲಿನ ಮೇಲೆಯೇ ಬರಿ ಅಂತ ಅಲ್ಲಿಯವರು ಅಂದರೆ ಕೆಂಪು ಶಾಯಿ ತೊಗೋ. ಅದು ಅಳಿಸುವುದಿಲ್ಲ.