ಮೋತಿಯನ್ನು ಹೆಬ್ಬಾಳಕ್ಕೆ ಕರೆದೊಯ್ಯುತ್ತಿದ್ದೇನೆ

ರೀ,

ಪಡಸಾಲೆಯಲ್ಲಿರುವ ರಕ್ತ ನಿಮ್ಮ ತಮ್ಮ ತಿಪ್ಪೇಶನದು. ನಾಯಿಯ ಕಜ್ಜಿ ಮಕ್ಕಳಿಗೆ ಹತ್ತುತ್ತದೆ ಎಂದು ಅವನು ಮೋತಿಯನ್ನು ಕಂಬಕ್ಕೆ ಬಿಗಿದು, ಹುಣ್ಣಿನ ಮೇಲೆ ಕುದಿಯುವ ಎಣ್ಣೆ ಸುರಿದ. ಅದು ಒದ್ದಾಡಿ ಹಗ್ಗ ಹರಿದುಕೊಂಡಾಗ ಸಲಿಕೆ ಎತ್ತಿದ. ಅಡ್ಡ ಹೋದೆ, ಏಟು ನನ್ನ ಭುಜಕ್ಕೆ ಬಿತ್ತು. "ಪಕ್ಕಕ್ಕೆ ಸರಿ ಅತ್ತಿಗೆ, ಇಲ್ದಿದ್ರೆ ನಿನ್ನೂ ಸೇರಿಸಿ ಬಡಿತೀನಿ" ಎಂದು ಮತ್ತೆ ಎತ್ತಿದ. ಒನಕೆಯಿಂದ ಅವನ ತಲೆಗೆ ಹೊಡೆದೆ. ನ್ಯಾಮತಿ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ್ದಾರೆ, ಜೀವಕ್ಕೆ ಭಯವಿಲ್ಲ.

ಆಮೇಲೆ ದನದ ಡಾಕ್ಟರನ್ನು ಕರೆಸಿದೆ. "ಇದು ಅಂಟೋ ಕಜ್ಜಿ ಅಲ್ಲಮ್ಮ. ಚಿಗಟ ಕಚ್ಚಿದ್ರೆ ಇದರ ಮೈಗೆ ಆಗಲ್ಲ, ಅಲರ್ಜಿ ಐತೆ. ಬೆಂಗಳೂರು ಹೆಬ್ಬಾಳದ ದನದ ಆಸ್ಪತ್ರೆಯಾಗೆ ಚರ್ಮದ ಡಾಕ್ಟರು ಅದಾರೆ, ಈ ಸುಟ್ಟ ಗಾಯಾನೂ ಬೇಗ ತೋರಿಸ್ರಿ" ಎಂದರು. ನೀವು ಜಗಳೂರಿನಿಂದ ಬರುವ ತನಕ ಕಾಯಲಾಗದು. ಫಕೀರಸಾಬರ ಲಾರಿ ಬೆಂಗಳೂರಿಗೆ ಹೊರಟಿದೆ, ಅದರಲ್ಲೇ ಹೋಗುತ್ತೇವೆ.

ಮಕ್ಕಳು ಪಕ್ಕದ ದ್ಯಾಮಮ್ಮನ ಮನೆಯಲ್ಲಿದ್ದಾರೆ. ಅವರ ಕಣ್ಣೆದುರೇ ಎಲ್ಲ ನಡೆಯಿತು. ಚಿಕ್ಕವಳು ತುಂಬ ಹೆದರಿದ್ದಾಳೆ, ಮೊದಲು ಅವಳನ್ನು ಎತ್ತಿಕೊಳ್ಳಿ. ರೊಟ್ಟಿ ಬುಟ್ಟಿಯಲ್ಲಿದೆ. ಮೋತಿ ಮಲಗುತ್ತಿದ್ದ ಗೋಣಿಚೀಲ ಸುಟ್ಟುಹಾಕಿ, ಅದರ ತುಂಬ ಚಿಗಟ.

ವಾಸಿಯಾದ ಮೇಲೆ ಮೋತಿ ನನ್ನ ಜೊತೆಗೇ ಈ ಮನೆಯೊಳಗೆ ಬರುತ್ತದೆ. ಅಷ್ಟರಲ್ಲಿ ತಿಪ್ಪೇಶ ಎಲ್ಲಿರಬೇಕು ಎನ್ನುವುದನ್ನು ನೀವೇ ತೀರ್ಮಾನಿಸಿ.

ಹಾಲಮ್ಮ