ಹೊಸ ಕನ್ಸೋಲು ಯಾವಾಗ ಬರಬೇಕು

ಮಾರ್ಚ್ ೧೪, ಶನಿವಾರ

ಊಟಕ್ಕೆ ಕೂತಾಗ ಅಣ್ಣ ಮತ್ತೆ ಅದೇ ರಾಗ ತೆಗೆದ. ಹೊಸ ಗೇಮ್ ಕನ್ಸೋಲು ಈ ವರ್ಷವೇ ಬರಬೇಕಂತೆ, ಬಂದ ದಿನವೇ ಹಳೆಯದನ್ನು ಅಂಗಡಿಗೆ ಕೊಟ್ಟುಬಿಡುತ್ತಾನಂತೆ. ಅಪ್ಪ ದರ್ಜಿ. ಕೈಗೆ ಪೆಟ್ಟಾಗಿ ಹೊಲಿಗೆ ಕೆಲಸ ನಿಂತ ಮೇಲೆ, ಆ ಹಳೆಯ ಕನ್ಸೋಲಿನಲ್ಲಿ ಕಾರು ಓಡಿಸಿ ಓಡಿಸಿಯೇ ಅವರ ಹೆಬ್ಬೆರಳು ಮತ್ತೆ ಮಡಚುವುದನ್ನು ಕಲಿತದ್ದು. ಹೊಸದರ ಗುಂಡಿಗಳು ಅವರ ಬೆರಳಿಗೆ ಒಗ್ಗುತ್ತವೋ ಇಲ್ಲವೋ!

ನಾನು ಮನೆಯಲ್ಲಿ ವಾದಕ್ಕಿಳಿಯುವವಳಲ್ಲ. ಇವತ್ತು ಹೇಗೋ ಬಾಯಿಂದ ಬಂದುಬಿಟ್ಟಿತು.

"ಅಣ್ಣಾ, ಮೊದಲು ಅಪ್ಪನ್ನ ಒಂದ್ಸಲ ಸೋಲಿಸು. ಆಮೇಲೆ ಹಳೇದು ಕೊಡು."

"ಅದೇನು ಮಹಾ!" ಅಂದ.

ಮೂರು ಪಂದ್ಯ ಆಡಿದರು. ಮೂರರಲ್ಲೂ ಅಣ್ಣನ ಕಾರು ತಿರುವಿನಲ್ಲಿ ಗೋಡೆಗೆ ಗುದ್ದಿತು. ಅಪ್ಪ ಮಾತ್ರ ತಿರುವು ಬರುವ ಮೊದಲೇ, ಹೊಲಿಗೆ ಯಂತ್ರ ತುಳಿಯುವಾಗ ಪಾದ ಹಗುರ ಮಾಡುವಂತೆ, ಬೆರಳು ಹಗುರ ಮಾಡಿ ಗುಂಡಿ ಬಿಡುತ್ತಿದ್ದರು.

"ಮೂಲೆ ಬಂದಾಗ ನಿಧಾನ ಮಾಡ್ಬೇಕು ಕಣೋ. ಇಲ್ದಿದ್ರೆ ಬಟ್ಟೆ ಸುಕ್ಕಾಗತ್ತೆ."

"ಈಗ ಹೇಳು, ಹೊಸದು ಯಾವಾಗ ಬರ್ಬೇಕು?" ಅಂತ ಅಣ್ಣನನ್ನು ಕೇಳಿದೆ.

"ನಾನು ಗೆದ್ದ ಮೇಲೆ ಬರ್ಲಿ ಬಿಡೇ," ಎಂದು ಮುಖ ಊದಿಸಿಕೊಂಡ.

ಹಾಗಾದರೆ ನಮ್ಮ ಮನೆಗೆ ಇನ್ನು ಹತ್ತು ವರ್ಷ ಬರುವ ಹಾಗಿಲ್ಲ. ಪಕ್ಕದ ಕೋಣೆಯಲ್ಲಿ ನಾಲ್ಕನೆಯ ಪಂದ್ಯ ನಡೆದಿದೆ. ಅಪ್ಪ ಜೋರಾಗಿ ನಗುತ್ತಿದ್ದಾರೆ, ಹೋಗಿ ನೋಡಿ ಬರುತ್ತೇನೆ.